ತಂತಿ ಎರಡು, ದಾರಿ ಎಷ್ಟು?

2001ರ ಜುಲೈ 18, ಬುಧವಾರ. ಅಮೆರಿಕದ ಬಾಲ್ಟಿಮೋರ್ ನಗರದ ನಡುಮಧ್ಯೆ ಹೊವರ್ಡ್ ಸ್ಟ್ರೀಟ್ ಎಂಬ ಬೀದಿ. ಬೀದಿಯ ಅಡಿಯಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದವಾದ ಹಳೆಯ ರೈಲು ಸುರಂಗ. ಅಂದು ಮಧ್ಯಾಹ್ನ 60 ಬೋಗಿಗಳ ಸರಕು ರೈಲೊಂದು ಆ ಸುರಂಗದೊಳಗೆ ಹಳಿ ತಪ್ಪಿತು. ಕೆಲವು ಟ್ಯಾಂಕರುಗಳಲ್ಲಿ ರಾಸಾಯನಿಕ ತುಂಬಿತ್ತು. ಬೆಂಕಿ ಹತ್ತಿಕೊಂಡಿತು. ಸುರಂಗದ ಎರಡೂ ಬಾಯಿಗಳಿಂದ ಕಪ್ಪು ಹೊಗೆ ಉಕ್ಕಿತು. ಎಲ್ಲ ಆರಿ ತಣ್ಣಗಾಗಲು ದಿನಗಳೇ ಹಿಡಿದವು.

ಇಷ್ಟೇ ಆಗಿದ್ದರೆ ಅದು ರೈಲು ಅಪಘಾತದ ಸುದ್ದಿಯಾಗಿ ಮುಗಿಯುತ್ತಿತ್ತು. ಆದರೆ ಬೆಂಕಿ ಬಿದ್ದ ಮೇಲೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಇಂಟರ್‌ನೆಟ್ ಕೂಡ ಕುಂಟತೊಡಗಿತು. ಇಮೇಲ್‌ಗಳು ತಡವಾದವು, ಜಾಲತಾಣಗಳು ತೆರೆಯಲಿಲ್ಲ. ಕಾರಣ ಸರಳ. ಅದೇ ಸುರಂಗದ ಗೋಡೆಗುಂಟ ಆಪ್ಟಿಕಲ್ ಫೈಬರ್ ಕೇಬಲ್‌ಗಳು ಹಾದುಹೋಗಿದ್ದವು. ಬೆಂಕಿಯ ಝಳಕ್ಕೆ ಅವೂ ಸುಟ್ಟುಹೋದವು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಕೇಬಲ್‌ಗಳು ಒಂದೇ ಕಂಪನಿಯವಲ್ಲ. ಒಂದಕ್ಕೊಂದು ಪೈಪೋಟಿ ನಡೆಸುತ್ತಿದ್ದ ಹಲವು ಕಂಪನಿಗಳ ಸಂಪರ್ಕ ಆ ಒಂದೇ ಸುರಂಗವನ್ನು ನಂಬಿತ್ತು. ಹೊಸದಾಗಿ ನೆಲ ಅಗೆಯುವುದು ದುಬಾರಿ. ರೈಲು ಹಳಿಯ ಪಕ್ಕದ ಜಾಗ ಸಿದ್ಧವಾಗಿಯೇ ಇರುತ್ತದೆ. ಹಾಗಾಗಿ ಎಲ್ಲರೂ ಅದನ್ನೇ ಹಿಡಿದಿದ್ದರು. ‘ಒಂದು ಕೈಕೊಟ್ಟರೆ ಇನ್ನೊಂದು ಇರಲಿ’ ಎಂದು ಜಾಣತನದಿಂದ ಎರಡು ಕಂಪನಿಗಳಿಗೆ ಹಣ ಕಟ್ಟುತ್ತಿದ್ದ ಗಿರಾಕಿಯ ಎರಡೂ ತಂತಿಗಳು ಇಂಥ ಒಂದೇ ಸುರಂಗದಲ್ಲಿ ಜೊತೆಜೊತೆಯಾಗಿ ಮಲಗಿರಬಹುದು. ಬಿಲ್ಲು ಎರಡು ಬರುತ್ತದೆ. ದಾರಿ ಮಾತ್ರ ಒಂದೇ.

ಪರೀಕ್ಷೆ, ಪ್ರವೇಶದ ಅರ್ಜಿ, ಸೀಟು ಹಂಚಿಕೆಯ ಆಯ್ಕೆ, ಶುಲ್ಕ ಪಾವತಿ, ಎಲ್ಲವೂ ಗಣಕದ ಪರದೆಗೆ ಬಂದಿರುವ ಈ ಕಾಲದಲ್ಲಿ ಶಾಲೆ ಕಾಲೇಜುಗಳು, ಮನೆಗಳು ಕೂಡ ಎರಡೆರಡು ಇಂಟರ್‌ನೆಟ್ ಸಂಪರ್ಕ ಇಟ್ಟುಕೊಳ್ಳುತ್ತಿವೆ. ಎರಡು ಸಂಪರ್ಕ ಇದ್ದರೆ ಒಳಗೆ ನಿಜಕ್ಕೂ ಏನು ನಡೆಯುತ್ತದೆ? ಯಾವ ಸಂದೇಶ ಯಾವ ತಂತಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವವರು ಯಾರು? ಒಂದು ಕಡಿದ ದಿನ ಇನ್ನೊಂದು ತಾನೇ ಹೆಗಲು ಕೊಡುತ್ತದೆಯೇ?

ಊಟದ ಮೇಜಿನ ಮೇಲೆ ಹುಟ್ಟಿದ ನಿಯಮ

ಇಂಟರ್‌ನೆಟ್ ಎಂಬುದು ಒಂದು ಜಾಲವಲ್ಲ. ಅದು 70 ಸಾವಿರಕ್ಕೂ ಹೆಚ್ಚು ಸ್ವತಂತ್ರ ಜಾಲಗಳ ಒಕ್ಕೂಟ. ದೂರವಾಣಿ ಕಂಪನಿ, ಬ್ಯಾಂಕು, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆ, ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಇಂಥ ಜಾಲವನ್ನು ತಾಂತ್ರಿಕರು ‘ಅಟಾನಮಸ್ ಸಿಸ್ಟಮ್’ ಎನ್ನುತ್ತಾರೆ. ಸ್ವಾಯತ್ತ ಜಾಲ ಎಂದರೆ ಸಾಕು.

ಕಳಿಸುವ ಪತ್ರ, ಚಿತ್ರ, ದನಿ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಹೊರಡುತ್ತವೆ. ಪೊಟ್ಟಣದ ಮೇಲೆ ತಲುಪಬೇಕಾದ ವಿಳಾಸ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಮಾತ್ರ ಬರೆದಿರುವುದಿಲ್ಲ. ದಾರಿಯಲ್ಲಿ ಸಿಗುವ ಪ್ರತಿ ಕೂಡುರಸ್ತೆಯಲ್ಲೂ ರೂಟರ್ ಎಂಬ ಯಂತ್ರ ವಿಳಾಸವನ್ನು ಓದಿ ‘ಈ ಕಡೆ ಹೋಗು’ ಎಂದು ಕೈತೋರಿಸುತ್ತದೆ. ಅದಕ್ಕೆ ದಾರಿ ಗೊತ್ತಾಗುವುದು ಹೇಗೆ? ಅಕ್ಕಪಕ್ಕದ ಜಾಲಗಳ ರೂಟರುಗಳು ಹೇಳಿದ್ದರಿಂದ. ‘ಈ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು, ನಡುವೆ ಇಂತಿಂಥ ಜಾಲಗಳು ಬರುತ್ತವೆ’ ಎಂದು ಪ್ರತಿ ಜಾಲವೂ ನೆರೆಯ ಜಾಲಕ್ಕೆ ಸಾರುತ್ತಿರುತ್ತದೆ. ಕೇಳಿಸಿಕೊಂಡ ನೆರೆಯವನು ಆ ಪಟ್ಟಿಗೆ ತನ್ನ ಸಂಖ್ಯೆಯನ್ನೂ ಸೇರಿಸಿ ಮುಂದಿನವನಿಗೆ ದಾಟಿಸುತ್ತಾನೆ. ಹೀಗೆ ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿಯೇ ಇಂಟರ್‌ನೆಟ್ಟಿನ ಭೂಪಟ.

ಈ ಸಾರುವ ಕ್ರಮಕ್ಕೆ ‘ಬಾರ್ಡರ್ ಗೇಟ್‌ವೇ ಪ್ರೊಟೊಕಾಲ್’, ಚಿಕ್ಕದಾಗಿ ‘ಬಿಜಿಪಿ’ ಎಂದು ಹೆಸರು. ಅದು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1989ರ ಜನವರಿಯಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಇಂಟರ್‌ನೆಟ್ ಎಂಜಿನಿಯರುಗಳ ಸಭೆ ಸೇರಿತ್ತು. ಊಟದ ಹೊತ್ತಿನಲ್ಲಿ ಸಿಸ್ಕೊ ಕಂಪನಿಯ ಕರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೋವ್ ರೆಕ್ಟರ್ ಮೇಜಿನ ಮೇಲಿದ್ದ ಕಾಗದದ ಕೈವಸ್ತ್ರಗಳ ಮೇಲೆಯೇ ಹೊಸ ನಿಯಮದ ರೂಪರೇಖೆ ಗೀಚಿದರು. ಇಂದಿಗೂ ಅದನ್ನು ‘ಎರಡು ನ್ಯಾಪ್ಕಿನ್‌ಗಳ ನಿಯಮ’ ಎಂದು ತಮಾಷೆಯಾಗಿ ಕರೆಯುವುದುಂಟು. ಅದೇ ವರ್ಷ ಜೂನ್‌ನಲ್ಲಿ ಅದರ ಮೊದಲ ಅಧಿಕೃತ ಬರಹ ಹೊರಬಂತು. ಅದರ ನಾಲ್ಕನೆಯ ಆವೃತ್ತಿ 1994ರಿಂದ ಇಂದಿನವರೆಗೂ ಜಗತ್ತಿನ ಜಾಲಗಳನ್ನು ಬೆಸೆಯುತ್ತಿದೆ.

ಈ ನಿಯಮದ ಜೀವಾಳ ಇಷ್ಟು: ಪ್ರತಿ ಜಾಲವೂ ತನಗೆ ಅನುಕೂಲವಾದ ದಾರಿಯನ್ನು ತಾನೇ ಆರಿಸಿಕೊಳ್ಳಬಹುದು. ದೊಡ್ಡಣ್ಣನಂತೆ ಮೇಲೆ ಕೂತು ಎಲ್ಲರಿಗೂ ಅಪ್ಪಣೆ ಕೊಡುವವರು ಯಾರೂ ಇಲ್ಲ. ಅನುಕೂಲ ಎಂದರೆ ವೇಗ ಮಾತ್ರವೇ? ಅಲ್ಲ. ಬಹಳ ಸಲ ಅದು ಖರ್ಚಿನ ಲೆಕ್ಕ. ಹಣ ಕೊಡುವ ಗಿರಾಕಿಯ ಮೂಲಕ ಹೋಗುವ ದಾರಿಗೆ ಮೊದಲ ಮಣೆ, ಹಣ ಕೇಳುವ ಕಂಪನಿಯ ಮೂಲಕ ಹೋಗುವ ದಾರಿಗೆ ಕೊನೆಯ ಮಣೆ.

ಎರಡು ಕಂಪನಿಗಳ ಗಿರಾಕಿ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. 1998ರಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ‘ಎರಡು ಕಂಪನಿಗಳಿಂದ ಸಂಪರ್ಕ ಪಡೆಯಬೇಕೇ’ ಎಂಬ ಪ್ರಶ್ನೆಗೆ ಅರ್ಥ ಬಂದದ್ದು ಆಮೇಲೆಯೇ.

ಒಂದು ಎಂಜಿನಿಯರಿಂಗ್ ಕಾಲೇಜು ಎಂದಿಟ್ಟುಕೊಳ್ಳಿ. ಮೊದಲ ಕಂಪನಿಯಿಂದ ಸೆಕೆಂಡಿಗೆ 1000 ಮೆಗಾಬಿಟ್‌ನ ಸಂಪರ್ಕ, ಎರಡನೆಯದರಿಂದ 200 ಮೆಗಾಬಿಟ್‌ನದು. ಒಟ್ಟು 1200 ಆಯಿತೆಂದು ಪ್ರಾಂಶುಪಾಲರು ಹಿಗ್ಗಬಹುದು. ಆದರೆ ಲೆಕ್ಕ ಅಷ್ಟು ಸುಲಭವಲ್ಲ. ಒಂದು ಕಡತವನ್ನು ಇಳಿಸಿಕೊಳ್ಳುವಾಗ ಅದರ ಪೊಟ್ಟಣಗಳೆಲ್ಲ ಸಾಮಾನ್ಯವಾಗಿ ಒಂದೇ ತಂತಿಯಲ್ಲಿ ಬರುತ್ತವೆ. ಅರ್ಧ ಇಲ್ಲಿ ಅರ್ಧ ಅಲ್ಲಿ ಬಂದರೆ ಹಿಂದುಮುಂದಾಗಿ ತಲುಪಿ ಗೊಂದಲವಾಗುತ್ತದೆ. ಎರಡನೆಯ ತಂತಿಯಿಂದ ಸಿಗುವ ಲಾಭ ಬೇರೆ. ಐನೂರು ವಿದ್ಯಾರ್ಥಿಗಳಿದ್ದರೆ ಕೆಲವರನ್ನು ಆ ಕಡೆ, ಕೆಲವರನ್ನು ಈ ಕಡೆ ಹಂಚಬಹುದು. ಎರಡು ಬಸ್ಸು ಬಿಟ್ಟರೆ ಹೆಚ್ಚು ಜನ ಹೋಗುತ್ತಾರೆ; ಒಬ್ಬ ಪ್ರಯಾಣಿಕ ಬೇಗ ತಲುಪುವುದಿಲ್ಲ.

ಹಂಚುವುದಕ್ಕೆ ಎರಡು ವಿಧಾನಗಳಿವೆ. ಸಣ್ಣ ಸಂಸ್ಥೆಗಳು, ಮನೆಗಳು ಅನುಸರಿಸುವುದು ಸುಲಭದ ವಿಧಾನ. ಎರಡು ಸಂಪರ್ಕ ತೆಗೆದುಕೊಳ್ಳುವ ರೂಟರ್ ಒಂದನ್ನು ತಂದು, ಎರಡೂ ಕಂಪನಿಗಳು ಕೊಟ್ಟ ವಿಳಾಸಗಳನ್ನು ಅದಕ್ಕೆ ಊಡಿಸುವುದು. ಇದರಲ್ಲೊಂದು ಕೊರತೆ ಇದೆ. ಮೊದಲ ತಂತಿ ಸತ್ತು ಎರಡನೆಯದಕ್ಕೆ ಹೊರಳಿದಾಗ ಹೊರಜಗತ್ತಿಗೆ ಕಾಣುವ ವಿಳಾಸವೇ ಬದಲಾಗುತ್ತದೆ. ನಡೆಯುತ್ತಿದ್ದ ವಿಡಿಯೊ ಕರೆ ಕಡಿದುಹೋಗಬಹುದು, ಬ್ಯಾಂಕಿನ ತಾಣ ‘ಮತ್ತೆ ಲಾಗಿನ್ ಆಗಿ’ ಎನ್ನಬಹುದು. ಮನೆ ಬದಲಾಯಿಸಿದವನ ಹಳೆಯ ವಿಳಾಸಕ್ಕೆ ಕಾಗದ ಹೋದಂತೆ.

ದೊಡ್ಡ ಸಂಸ್ಥೆಗಳು ಹಿಡಿಯುವುದು ಎರಡನೆಯ ವಿಧಾನ. ಅವು ಸ್ವಂತ ವಿಳಾಸಗಳ ಗುಂಪನ್ನೂ ಸ್ವಾಯತ್ತ ಜಾಲದ ಸಂಖ್ಯೆಯನ್ನೂ ಪಡೆಯುತ್ತವೆ. ಭಾರತದಲ್ಲಿ ಇವನ್ನು ಹಂಚುವ ನೋಂದಣಿ ಸಂಸ್ಥೆಯ ಹೆಸರು ‘ಐರಿನ್’. ಆಮೇಲೆ ಅದೇ ವಿಳಾಸಗಳನ್ನು ಎರಡೂ ಕಂಪನಿಗಳ ಮೂಲಕ ಬಿಜಿಪಿಯಲ್ಲಿ ಸಾರುತ್ತವೆ. ಒಂದು ತಂತಿ ಕಡಿದರೆ ಆ ಕಡೆಯ ಸಾರಿಕೆ ನಿಲ್ಲುತ್ತದೆ. ಜಗತ್ತು ಇನ್ನೊಂದು ದಾರಿಯಲ್ಲಿ ಅದೇ ವಿಳಾಸಕ್ಕೆ ಬರುತ್ತದೆ. ಮನೆ ಅಲ್ಲೇ ಇರುತ್ತದೆ, ಬಾಗಿಲು ಮಾತ್ರ ಬೇರೆ.

ಹಾಗಾದರೆ ಎಲ್ಲ ಮನೆಗಳೂ ಇದನ್ನೇ ಏಕೆ ಮಾಡಬಾರದು? ಜಗತ್ತಿನ ದೊಡ್ಡ ರೂಟರುಗಳು ಈಗಾಗಲೇ ಸುಮಾರು 10 ಲಕ್ಷ ದಾರಿಗಳನ್ನು ನೆನಪಿಟ್ಟುಕೊಳ್ಳಬೇಕಾಗಿದೆ. ಪ್ರತಿ ಮನೆಯೂ ತನ್ನ ದಾರಿ ಸಾರತೊಡಗಿದರೆ ಯಾವ ಯಂತ್ರದ ತಲೆಯೂ ಉಳಿಯದು. ಆದ್ದರಿಂದ ಹಳೆಯ ಬಗೆಯ ವಿಳಾಸಗಳಲ್ಲಿ 256ಕ್ಕಿಂತ ಚಿಕ್ಕ ಗುಂಪನ್ನು ಸಾರಿದರೆ ಸಾಮಾನ್ಯವಾಗಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹೋಗುವುದು ಕೈಯಲ್ಲಿದೆ, ಬರುವುದು ಇಲ್ಲ

ಈ ವಿಷಯದ ಅತ್ಯಂತ ಕುತೂಹಲದ ಭಾಗ ಇದು. ಕಾಲೇಜಿನಿಂದ ಹೊರಗೆ ಹೋಗುವ ಪೊಟ್ಟಣ ಯಾವ ತಂತಿ ಹಿಡಿಯಬೇಕೆಂದು ಕಾಲೇಜು ನಿರ್ಧರಿಸಬಹುದು. ರೂಟರು ಅದರದೇ ತಾನೆ? ಆದರೆ ಹೊರಗಿನಿಂದ ಬರುವ ಪೊಟ್ಟಣ ಯಾವ ಬಾಗಿಲಿಗೆ ಬರಬೇಕೆಂದು ತೀರ್ಮಾನಿಸುವವರು ದೂರದಲ್ಲಿರುವ ಯಾರೋ. ಕಾಲೇಜೊಂದರಲ್ಲಿ ಕಳಿಸುವುದಕ್ಕಿಂತ ತರಿಸಿಕೊಳ್ಳುವುದೇ ಎಷ್ಟೋ ಪಾಲು ಹೆಚ್ಚು. ಅಂದರೆ ಹೆಚ್ಚಿನ ಸಂಚಾರ ಕಾಲೇಜಿನ ಹಿಡಿತದಲ್ಲೇ ಇಲ್ಲ!

ಆಗ ಏನು ಮಾಡುತ್ತಾರೆ? ಪುಸಲಾಯಿಸುತ್ತಾರೆ. ಮಿಕ್ಕೆಲ್ಲ ಸಮನಾಗಿದ್ದರೆ ರೂಟರುಗಳು ಕಡಿಮೆ ಜಾಲಗಳನ್ನು ದಾಟುವ ದಾರಿಯನ್ನು ಆರಿಸುತ್ತವೆ. ಕಿರಿದಾದ ಎರಡನೆಯ ತಂತಿಗೆ ಜನ ಬರುವುದು ಬೇಡವೆಂದರೆ ಆ ಕಡೆ ಸಾರುವಾಗ ಕಾಲೇಜು ತನ್ನ ಸಂಖ್ಯೆಯನ್ನೇ ಮೂರು ನಾಲ್ಕು ಸಲ ಬರೆಯುತ್ತದೆ. ದಾರಿ ಉದ್ದವಾಗಿರುವಂತೆ ಕಾಣುತ್ತದೆ. ‘ಆ ಕಡೆಯಿಂದ ಬಂದರೆ ನಮ್ಮ ಮನೆ ಬಹಳ ದೂರ ಸ್ವಾಮಿ, ಈ ಕಡೆಯಿಂದಲೇ ಬನ್ನಿ’ ಎಂದು ಹೇಳಿದಂತೆ. ಕೆಲವರು ಕೇಳುತ್ತಾರೆ. ಕೇಳಲೇಬೇಕೆಂಬ ಕಾನೂನಿಲ್ಲ.

ಇನ್ನೊಂದು ಉಪಾಯ ಇದಕ್ಕಿಂತ ಬಲವಾದದ್ದು. ದೊಡ್ಡ ಗುಂಪಿನ ವಿಳಾಸಕ್ಕಿಂತ ಚಿಕ್ಕ ಗುಂಪಿನ ವಿಳಾಸಕ್ಕೆ ರೂಟರುಗಳು ಯಾವಾಗಲೂ ಹೆಚ್ಚು ಬೆಲೆ ಕೊಡುತ್ತವೆ. ‘ಮೈಸೂರಿನ ಕಾಗದಗಳೆಲ್ಲ ಇಲ್ಲಿಗೆ’ ಎಂದು ಒಬ್ಬ ಸಾರಿ, ‘ಮೈಸೂರಿನ ಅಗ್ರಹಾರದ ಕಾಗದಗಳು ಇಲ್ಲಿಗೆ’ ಎಂದು ಇನ್ನೊಬ್ಬ ಸಾರಿದರೆ ಅಗ್ರಹಾರದ ಕಾಗದ ಎರಡನೆಯವನಿಗೇ. ಎಷ್ಟು ದೂರ, ಎಷ್ಟು ಖರ್ಚು ಎಂದು ಯಾರೂ ನೋಡುವುದಿಲ್ಲ. ಈ ಉಪಾಯ ಎಷ್ಟು ಬಲವಾದದ್ದೋ ಅಷ್ಟೇ ಅಪಾಯಕಾರಿ. ಅದರ ಮಾತು ಮುಂದೆ ಬರುತ್ತದೆ.

ಘಾಟಿ ಮುಚ್ಚಿದ ದಿನ

ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಏನಾಗುತ್ತದೆಂದು ಕರಾವಳಿಯವರಿಗೆ ಗೊತ್ತು. ಬೆಂಗಳೂರು ಮಂಗಳೂರು ನಡುವಿನ ವಾಹನಗಳು ಚಾರ್ಮಾಡಿಯ ಕಡೆ ತಿರುಗುತ್ತವೆ. ದಾರಿ ಇದೆ ನಿಜ. ಆದರೆ ಆ ಕಡಿದಾದ ತಿರುವುಗಳು ಅಷ್ಟೊಂದು ವಾಹನಗಳನ್ನು ಹೊರಲಾರವು. ಆದ್ದರಿಂದ ಭಾರಿ ಲಾರಿಗಳನ್ನು ತಡೆದು, ಬಸ್ಸು, ಕಾರು, ಆಂಬುಲೆನ್ಸ್‌ಗಳನ್ನು ಬಿಡುತ್ತಾರೆ.

ಕಾಲೇಜಿನ ಮೊದಲ ತಂತಿ ಕಡಿದ ದಿನವೂ ಹೀಗೆಯೇ. ಬೆಳಗಿನ ಹೊತ್ತು 500 ಮೆಗಾಬಿಟ್‌ನಷ್ಟು ಸಂಚಾರ ಇತ್ತು ಎನ್ನಿ. ಅಷ್ಟೂ ಒಮ್ಮೆಲೇ 200ರ ತಂತಿಗೆ ನುಗ್ಗುತ್ತದೆ. ತಂತಿ ‘ಇದೆ’, ಆದರೆ ಯಾರ ಕೆಲಸವೂ ಆಗದು. ಒಂದು ಕೋಣೆಯಲ್ಲಿ ಆನ್‌ಲೈನ್ ಪರೀಕ್ಷೆ, ಇನ್ನೊಂದರಲ್ಲಿ ಹತ್ತಾರು ಗಣಕಗಳು ತಾವಾಗಿಯೇ ತಂತ್ರಾಂಶ ನವೀಕರಿಸಿಕೊಳ್ಳುತ್ತಿರುತ್ತವೆ, ವಿದ್ಯಾರ್ಥಿನಿಲಯದಲ್ಲಿ ಸಿನಿಮಾ. ತಂತಿಯ ಕಣ್ಣಿಗೆ ಎಲ್ಲ ಪೊಟ್ಟಣಗಳೂ ಸಮಾನ. ಉತ್ತರ ಒಪ್ಪಿಸಬೇಕಾದ ಹುಡುಗಿಯ ಪೊಟ್ಟಣ ಸಿನಿಮಾದ ಹಿಂದೆ ಸರತಿಯಲ್ಲಿ ನಿಲ್ಲುತ್ತದೆ.

ಜನ ಹೆಚ್ಚಿ ದಾರಿ ಕಟ್ಟಿಕೊಳ್ಳುವ ಈ ರೋಗ ಹೊಸದಲ್ಲ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ ಬರೀ 40 ಬಿಟ್‌ಗೆ ಕುಸಿಯಿತು. ಎರಡರ ನಡುವೆ ಇದ್ದ ದೂರ 400 ಗಜ! ನಡೆದುಹೋಗಿ ಹೇಳಿಬಂದಿದ್ದರೆ ಬೇಗ ಆಗುತ್ತಿತ್ತು. ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಕಾರಣ ಹುಡುಕಿದರು. ಪೊಟ್ಟಣ ತಲುಪದಿದ್ದಾಗ ಗಣಕಗಳು ಮತ್ತೆ ಮತ್ತೆ ಅದನ್ನೇ ಕಳಿಸುತ್ತಿದ್ದವು. ಕಟ್ಟಿಕೊಂಡ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು. ‘ಪೊಟ್ಟಣ ಕಳೆದರೆ ಹಟ ಹಿಡಿಯಬೇಡ, ವೇಗ ತಗ್ಗಿಸು, ದಾರಿ ತೆರವಾದಂತೆ ನಿಧಾನವಾಗಿ ಏರಿಸು’ ಎಂಬ ಪಾಠವನ್ನು ಅವರು ಗಣಕಗಳಿಗೆ ಕಲಿಸಿದರು. 1988ರಲ್ಲಿ ಪ್ರಕಟವಾದ ಆ ವಿಧಾನದ ಸುಧಾರಿತ ರೂಪಗಳು ಇಂದಿಗೂ ಪ್ರತಿ ಗಣಕದಲ್ಲೂ, ಪ್ರತಿ ಫೋನಿನಲ್ಲೂ ಕೆಲಸ ಮಾಡುತ್ತಿವೆ.

ಆದರೆ ಸಭ್ಯತೆಗೂ ಒಂದು ಮಿತಿಯಿದೆ. ಎಲ್ಲರೂ ಸಮನಾಗಿ ಹಿಂದೆ ಸರಿದರೆ ಪರೀಕ್ಷೆಯೂ ಸಿನಿಮಾದಷ್ಟೇ ಹಿಂದೆ ಸರಿಯುತ್ತದೆ. ಯಾರಿಗೆ ಮೊದಲ ದಾರಿ ಎಂಬುದನ್ನು ಯಂತ್ರ ಹೇಳದು, ಮನುಷ್ಯರು ಮೊದಲೇ ಕೂತು ತೀರ್ಮಾನಿಸಿ ರೂಟರಿನಲ್ಲಿ ಬರೆದಿಡಬೇಕು. ಪರೀಕ್ಷೆಗೆ ಇಂತಿಷ್ಟು ಮೀಸಲು, ಶುಲ್ಕ ಪಾವತಿಗೆ ಇಷ್ಟು, ಪಾಠದ ವಿಡಿಯೊಗೆ ಇಷ್ಟು, ತಂತ್ರಾಂಶ ನವೀಕರಣ ರಾತ್ರಿಗೆ. ಬ್ಯಾಂಡ್‌ವಿಡ್ತ್ ನಿರ್ವಹಣೆ ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ. ನೀರು ಸಾಕಷ್ಟಿರುವಾಗ ಸರತಿ ಯಾರಿಗೂ ಬೇಡ. ನಲ್ಲಿ ಸಣ್ಣಗಾದ ದಿನವೇ ಸರತಿಯ ನಿಯಮ ಬೇಕಾಗುವುದು. ಆ ದಿನ ಕೂತು ನಿಯಮ ಮಾಡಲು ಹೊರಟರೆ ಕೊಡಗಳಿಗಿಂತ ಜಗಳಗಳೇ ಹೆಚ್ಚಾಗುತ್ತವೆ.

ಗಣಿತ ಇಷ್ಟಪಡುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. ದೊಡ್ಡ ಗಿರಾಕಿಗಳಿಗೆ ಕಂಪನಿಗಳು ಬಿಲ್ಲು ಹಾಕುವ ಒಂದು ಪದ್ಧತಿ ಇದೆ. ಪ್ರತಿ 5 ನಿಮಿಷಕ್ಕೊಮ್ಮೆ ಸಂಚಾರವನ್ನು ಅಳೆಯುತ್ತಾರೆ. ದಿನಕ್ಕೆ 288 ಅಳತೆ, 30 ದಿನಕ್ಕೆ 8640. ಇವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಅತಿ ಹೆಚ್ಚಿನ ಶೇಕಡಾ 5ರಷ್ಟನ್ನು ಬಿಟ್ಟುಬಿಡುತ್ತಾರೆ. ಉಳಿದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಬಿಲ್ಲು. ಬಿಟ್ಟದ್ದು 432 ಅಳತೆ, ಅಂದರೆ ಸರಿಯಾಗಿ 36 ಗಂಟೆ. ಎರಡನೆಯ ತಂತಿಗೆ ಈ ಪದ್ಧತಿಯ ಬಿಲ್ಲು ಇದ್ದರೆ, ಮೊದಲನೆಯದು ತಿಂಗಳಿಗೆ 36 ಗಂಟೆಯೊಳಗೆ ಕೆಟ್ಟು ಸರಿಹೋದಲ್ಲಿ ಆಪತ್ತಿನ ಸಂಚಾರಕ್ಕೆ ಹೆಚ್ಚುವರಿ ದುಡ್ಡು ಬೀಳುವುದಿಲ್ಲ. 37ನೆಯ ಗಂಟೆಗೆ ಕಾಲಿಟ್ಟಿತೋ, ಇಡೀ ತಿಂಗಳಿನ ಬಿಲ್ಲು ಜಿಗಿಯುತ್ತದೆ.

ಕಾಲುದಾರಿ ಹೆದ್ದಾರಿಯಾದಾಗ

ಎರಡು ಕಂಪನಿಗಳ ನಡುವೆ ನಿಂತ ಗಿರಾಕಿಗೆ ಒಂದು ಹೊಣೆಯೂ ಇದೆ. ಮೊದಲ ಕಂಪನಿ ಸಾರಿದ ದಾರಿಗಳನ್ನು ಅವನು ಎರಡನೆಯ ಕಂಪನಿಗೆ ದಾಟಿಸಬಾರದು. ದಾಟಿಸಿದರೆ ಏನರ್ಥ? ‘ಅವರ ಮನೆಗೆ ನಮ್ಮ ಹಿತ್ತಲಿನ ಮೂಲಕ ಹೋಗಬಹುದು’ ಎಂದು ಊರಿಗೆಲ್ಲ ಡಂಗುರ ಹೊಡೆದಂತೆ.

2019ರ ಜೂನ್ 24ರಂದು ಇದೇ ಆಯಿತು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡಿಕ್ಯುಇ ಎಂಬ ಸಣ್ಣ ಇಂಟರ್‌ನೆಟ್ ಕಂಪನಿ ತನ್ನ ಒಳಗಿನ ಸಂಚಾರವನ್ನು ಸಮನಾಗಿ ಹಂಚಲು ದೊಡ್ಡ ವಿಳಾಸ ಗುಂಪುಗಳನ್ನು ಚಿಕ್ಕ ಚಿಕ್ಕದಾಗಿ ಒಡೆಯುವ ತಂತ್ರಾಂಶ ಬಳಸುತ್ತಿತ್ತು. ಒಡೆದ ದಾರಿಗಳು ಒಳಗೇ ಉಳಿಯಬೇಕಿತ್ತು. ಅವು ಅದರ ಗಿರಾಕಿಯಾದ ಅಲೆಘೆನಿ ಎಂಬ ಲೋಹದ ಕಂಪನಿಗೆ ಸೋರಿದವು. ಆ ಕಂಪನಿಗೆ ವೆರೈಜನ್ ಎಂಬ ದೈತ್ಯ ಸಂಸ್ಥೆಯಿಂದ ಎರಡನೆಯ ಸಂಪರ್ಕವಿತ್ತು. ದಾರಿಗಳು ಅಲ್ಲಿಗೂ ದಾಟಿದವು. ವೆರೈಜನ್ ಜಾಲ ಸೋಸದೆ ಒಪ್ಪಿಕೊಂಡು ಜಗತ್ತಿಗೆ ಸಾರಿತು. ಚಿಕ್ಕ ಗುಂಪಿಗೇ ಹೆಚ್ಚು ಬೆಲೆ ಎಂಬ ನಿಯಮ ಇದೆಯಲ್ಲ? ಪ್ರಖ್ಯಾತ ತಾಣಗಳಿಗೆ ಹೊರಟ ಸಂಚಾರ ಲೋಹದ ಕಂಪನಿಯೊಂದರ ತಂತಿಯತ್ತ ಹರಿದುಬಂತು. ಊರಿನ ಹೆದ್ದಾರಿಯನ್ನು ಕಾಲುದಾರಿಗೆ ತಿರುಗಿಸಿದಂತೆ ಎಲ್ಲ ಅಲ್ಲೇ ಜಾಮ್ ಆಯಿತು. ಕ್ಲೌಡ್‌ಫ್ಲೇರ್ ಎಂಬ ಸಂಸ್ಥೆಯೊಂದೇ ತನ್ನ ಜಾಗತಿಕ ಸಂಚಾರದ ಸುಮಾರು ಶೇಕಡಾ 15ರಷ್ಟನ್ನು ಆ ಹೊತ್ತಿನಲ್ಲಿ ಕಳೆದುಕೊಂಡಿತೆಂದು ಆಮೇಲೆ ತಿಳಿಸಿತು.

ಮೂವರಲ್ಲಿ ಯಾರೊಬ್ಬರು ಬಾಗಿಲಲ್ಲಿ ಸರಿಯಾದ ಜರಡಿ ಇಟ್ಟಿದ್ದರೂ ಇದು ನಡೆಯುತ್ತಿರಲಿಲ್ಲ. ಯಾವ ವಿಳಾಸವನ್ನು ಯಾವ ಜಾಲ ಸಾರಬಹುದು ಎಂಬುದಕ್ಕೆ ಮುದ್ರೆ ಒತ್ತಿದ ಪ್ರಮಾಣಪತ್ರ ಇಡುವ ವ್ಯವಸ್ಥೆಯೂ ಈಗ ಬಂದಿದ್ದು, ಅನೇಕ ದೊಡ್ಡ ಜಾಲಗಳು ಅದನ್ನು ನೋಡಿಯೇ ದಾರಿಯನ್ನು ಒಪ್ಪಿಕೊಳ್ಳುತ್ತಿವೆ.

ಸಮುದ್ರದಡಿಯ ಒಂದೇ ಗಲ್ಲಿ

ಬಾಲ್ಟಿಮೋರ್ ಬಹಳ ದೂರವಾಯಿತು ಎನ್ನುವವರಿಗೆ ಇದು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯ ಬಂದರಿನ ಬಳಿ ಸಮುದ್ರದ ತಳದಲ್ಲಿ ಎರಡು ಕೇಬಲ್‌ಗಳು ಒಂದೇ ದಿನ ಕಡಿದವು. ಒಂದರ ಹೆಸರು ‘ಸೀ-ಮಿ-ವಿ 4’. ಆಗ್ನೇಯ ಏಷ್ಯಾದಿಂದ ಹೊರಟು ಚೆನ್ನೈ, ಮುಂಬೈ ಮುಟ್ಟಿ ಯೂರೋಪಿಗೆ ಹೋಗುವ ಕೇಬಲ್ ಅದು. ಇನ್ನೊಂದು ‘ಫ್ಲ್ಯಾಗ್’. ಎರಡರ ಒಡೆಯರೂ ಬೇರೆ ಬೇರೆ. ಭಾರತದ ಕಂಪನಿಗಳು ಎರಡರಲ್ಲೂ ಜಾಗ ಹಿಡಿದು ‘ಒಂದು ಹೋದರೆ ಇನ್ನೊಂದು’ ಎಂದು ನೆಮ್ಮದಿಯಿಂದಿದ್ದವು. ಆದರೆ ಏಷ್ಯಾದಿಂದ ಯೂರೋಪಿಗೆ ಹೋಗುವ ಬಹುತೇಕ ಕೇಬಲ್‌ಗಳು ಕೆಂಪು ಸಮುದ್ರ ಮತ್ತು ಈಜಿಪ್ಟ್ ಎಂಬ ಒಂದೇ ಇಕ್ಕಟ್ಟಿನ ಗಲ್ಲಿಯಲ್ಲಿ ಹಾಯುತ್ತಿದ್ದವು. ಭಾರತದ ಹೊರಸಂಪರ್ಕದ ಅರ್ಧದಷ್ಟು ಸಾಮರ್ಥ್ಯ ಒಂದೇ ದಿನದಲ್ಲಿ ಕುಸಿಯಿತೆಂದು ಸೇವಾ ಕಂಪನಿಗಳ ಸಂಘ ಅಂದು ಹೇಳಿತು.

ಆಗ ಕೈಹಿಡಿದದ್ದು ಪೂರ್ವದ ದಾರಿ. ಪಶ್ಚಿಮಕ್ಕೆ ಹೋಗುತ್ತಿದ್ದ ಸಂಚಾರವನ್ನು ಸಿಂಗಪುರ, ಪೆಸಿಫಿಕ್ ಸಾಗರದ ಮೂಲಕ ಭೂಮಿಯ ಇನ್ನೊಂದು ಮಗ್ಗುಲಿನಿಂದ ತಿರುಗಿಸಿದರು. ಆ ಕಡೆಯೂ ಮೊದಲೇ ಜಾಗ ಹಿಡಿದಿದ್ದವರು ಬೇಗ ಚೇತರಿಸಿಕೊಂಡರು. ಎರಡೂ ತಂತಿ ಪಶ್ಚಿಮಕ್ಕೇ ಇದ್ದವರು ದುರಸ್ತಿ ಹಡಗಿನ ದಾರಿ ಕಾದರು. 2024ರ ಆರಂಭದಲ್ಲಿ ಅದೇ ಕೆಂಪು ಸಮುದ್ರದಲ್ಲಿ ಮತ್ತೆ ಮೂರು ಕೇಬಲ್‌ಗಳು ಒಟ್ಟಿಗೆ ಕಡಿದವು. ಭೂಗೋಳ ಬದಲಾಗುವುದಿಲ್ಲ.

ಹತ್ತಿರದ ದಾರಿಯ ಕಥೆಯೂ ಕಡಿಮೆಯದಲ್ಲ. ಹಿಂದೆ ಬೆಂಗಳೂರಿನ ಒಂದೇ ಬೀದಿಯ ಇಬ್ಬರು ಬೇರೆ ಬೇರೆ ಕಂಪನಿಗಳ ಗಿರಾಕಿಗಳಾಗಿದ್ದರೆ ಅವರ ಇಮೇಲ್ ವಿದೇಶಕ್ಕೆ ಹೋಗಿ ಮರಳಿ ಎದುರುಮನೆಗೆ ಬರುವುದಿತ್ತು. ಕಂಪನಿಗಳು ದೇಶದೊಳಗೆ ಪರಸ್ಪರ ಕೈಕುಲುಕುವ ಜಾಗವೇ ಇರಲಿಲ್ಲ. 2003ರಲ್ಲಿ ‘ನಿಕ್ಸಿ’ ಎಂಬ ರಾಷ್ಟ್ರೀಯ ವಿನಿಮಯ ಕೇಂದ್ರ ಸ್ಥಾಪನೆಯಾದ ಮೇಲೆ ಒಳನಾಡಿನ ಪೊಟ್ಟಣಗಳನ್ನು ಒಳನಾಡಿನಲ್ಲೇ ಬದಲಾಯಿಸಿಕೊಳ್ಳುವ ಏರ್ಪಾಡು ಬಂತು.

ಕೇಳಬೇಕಾದ ಪ್ರಶ್ನೆ

ಎರಡನೆಯ ಸಂಪರ್ಕ ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ‘ವೇಗ ಎಷ್ಟು, ತಿಂಗಳಿಗೆ ಎಷ್ಟು?’ ಕೇಳಬೇಕಾದ ಪ್ರಶ್ನೆ ಬೇರೆ: ‘ನಿಮ್ಮ ತಂತಿ ಯಾವ ದಾರಿಯಲ್ಲಿ ಬರುತ್ತದೆ?’ ಒಂದು ಕಂಪನಿ ಇನ್ನೊಂದರ ಫೈಬರನ್ನೇ ಬಾಡಿಗೆಗೆ ಪಡೆದು ತನ್ನ ಹೆಸರಿನಲ್ಲಿ ಮಾರುವುದು ಸಾಮಾನ್ಯ. ಎರಡೂ ತಂತಿಗಳು ಒಂದೇ ರಸ್ತೆಯ ಒಂದೇ ಚರಂಡಿಯ ಪಕ್ಕ ಹೂತಿದ್ದರೆ ಒಂದೇ ಜೆಸಿಬಿ ಎರಡನ್ನೂ ಎತ್ತಿಹಾಕುತ್ತದೆ. ಒಂದು ರಸ್ತೆಬದಿಯಲ್ಲಿ, ಇನ್ನೊಂದು ರೈಲು ಹಳಿಯ ಗುಂಟವೋ ವಿದ್ಯುತ್ ಗೋಪುರಗಳ ಮೇಲೋ ಬಂದರೆ ಅವು ನಿಜಕ್ಕೂ ಎರಡು. ನಮ್ಮ ದೇಶದಲ್ಲಿ ರೈಲ್‌ಟೆಲ್ ಹಳಿಗಳ ಪಕ್ಕದಲ್ಲಿ, ಪವರ್‌ಗ್ರಿಡ್ ಗೋಪುರಗಳ ಮೇಲೆ ಫೈಬರ್ ಎಳೆದಿವೆ. ಕಾಲೇಜಿನ ಆವರಣಕ್ಕೆ ಎರಡೂ ಒಂದೇ ಗೇಟಿನಿಂದ, ಒಂದೇ ಕೊಳವೆಯಲ್ಲಿ ಒಳಬರುತ್ತಿದ್ದರೆ ಅದನ್ನೂ ಬೇರ್ಪಡಿಸಬೇಕು. ಎರಡಕ್ಕೂ ಒಂದೇ ಯುಪಿಎಸ್ ಇದ್ದರೆ ಕರೆಂಟು ಹೋದಾಗ ಇಡೀ ಜಾಣತನವೇ ಕತ್ತಲಾಗುತ್ತದೆ.

ಎರಡನೆಯ ಪ್ರಶ್ನೆ: ಹೊರಳುವುದಕ್ಕೆ ಎಷ್ಟು ಹೊತ್ತು? ಹಸಿರು ದೀಪ ಉರಿಯುತ್ತಿದೆ ಎಂದರೆ ಮುಂದಿನ ಪೆಟ್ಟಿಗೆಯವರೆಗೆ ತಂತಿ ಸರಿಯಾಗಿದೆ ಎಂದಷ್ಟೇ ಅರ್ಥ. ಅಲ್ಲಿಂದಾಚೆ ಕಡಿದಿದ್ದರೆ ಸಾಮಾನ್ಯ ರೂಟರಿಗೆ ತಿಳಿಯುವುದೇ ಇಲ್ಲ. ದೂರದ ಯಾವುದಾದರೂ ವಿಳಾಸವನ್ನು ಆಗಾಗ ‘ಇದ್ದೀಯಾ?’ ಎಂದು ಕೂಗಿ ನೋಡುವಂತೆ ಅದನ್ನು ಹೊಂದಿಸಬೇಕು. ಬಿಜಿಪಿ ಇದ್ದಲ್ಲೂ ನೆರೆಯವನ ದನಿ ನಿಂತಿತೆಂದು ಒಪ್ಪಿಕೊಳ್ಳಲು ಹಲವು ರೂಟರುಗಳು, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ, 3 ನಿಮಿಷ ಕಾಯುತ್ತವೆ. ಪರೀಕ್ಷೆಯ ಕೊನೆಯ 3 ನಿಮಿಷ ಎಷ್ಟು ದೊಡ್ಡದೆಂದು ಬರೆದವರಿಗೇ ಗೊತ್ತು.

ಮನೆಯಲ್ಲಿ ಎರಡನೆಯ ದಾರಿ ಎಂದರೆ ಸಾಮಾನ್ಯವಾಗಿ ಅಪ್ಪನ ಅಥವಾ ಅಮ್ಮನ ಮೊಬೈಲು. ಅದು ಒಳ್ಳೆಯ ಉಪಾಯವೇ. ಆದರೆ ಮನೆಯ ಫೈಬರೂ ಮೊಬೈಲೂ ಒಂದೇ ಕಂಪನಿಯದಾಗಿದ್ದರೆ, ಊರಿನ ಮೊಬೈಲ್ ಗೋಪುರಕ್ಕೆ ಹೋಗುವ ತಂತಿಯೂ ಮನೆಗೆ ಬರುವ ತಂತಿಯೂ ಒಂದೇ ಕವಲಿನಿಂದ ಹೊರಟಿರಬಹುದು. ಮೊಬೈಲು ಬೇರೆ ಕಂಪನಿಯದಾದರೆ ಒಳಿತು. ಕೌನ್ಸೆಲಿಂಗ್ ಆಯ್ಕೆ ತುಂಬುವ ಕೆಲಸವನ್ನು ಕೊನೆಯ ಗಂಟೆಗೆ ಬಿಡದಿರುವುದು ಅದಕ್ಕಿಂತಲೂ ಒಳಿತು. ಎಲ್ಲರೂ ಕೊನೆಯ ಗಂಟೆಗೆ ನುಗ್ಗಿದರೆ ಕಟ್ಟಿಕೊಳ್ಳುವುದು ಆ ಕಡೆಯ ಬಾಗಿಲು. ಈ ಕಡೆ ಹತ್ತು ತಂತಿ ಇದ್ದರೂ ಆಗ ಪ್ರಯೋಜನವಿಲ್ಲ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮುಖ್ಯವಾದ ದಿನಕ್ಕೆ ಒಂದು ವಾರ ಮೊದಲು, ಬಿಡುವಾದ ಸಂಜೆಯೊಂದರಲ್ಲಿ, ಮೊದಲ ತಂತಿಯನ್ನು ಬೇಕೆಂದೇ ಕಿತ್ತು ನೋಡುವುದು. ಎರಡನೆಯದು ಎದ್ದಿತೇ? ಎಷ್ಟು ಹೊತ್ತಿಗೆ? ಎದ್ದ ಮೇಲೆ ಯಾವ ಕೆಲಸ ನಡೆಯಿತು, ಯಾವುದು ನಿಂತಿತು? ಮನೆಯಲ್ಲಿ ಮಕ್ಕಳೇ ಗಡಿಯಾರ ಹಿಡಿದು ಇದನ್ನು ಮಾಡಬಹುದು. ಕಾಲೇಜಿನಲ್ಲಿ ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ‘ಕೊನೆಯ ಸಲ ಹೀಗೆ ಕಿತ್ತು ನೋಡಿದ್ದು ಯಾವಾಗ?’ ಎಂದು ಕೇಳಬಹುದು. ಉತ್ತರ ಬಾರದಿದ್ದರೆ ಅಲ್ಲಿರುವುದು ಎರಡು ಬಿಲ್ಲುಗಳು ಮಾತ್ರ.